ಶಾಂಘೈನಲ್ಲಿ ಕೆಲಸ ಸಿಕ್ಕಿದೆ, ಸಂಸಾರ ಸಮೇತ ಹೋಗಬಹುದಾ? ಅನುಭವ ಇದ್ದವರು ಹೇಳಿ

ಹೆಬ್ಬಾಳದ ಇಂಜಿನಿಯರ್:
ಎಲ್ಲರಿಗೂ ನಮಸ್ಕಾರ. ಎಲೆಕ್ಟ್ರಿಕ್ ಕಾರಿನ ಬ್ಯಾಟರಿಗೆ ಸಾಫ್ಟ್‌ವೇರ್ ಬರೆಯೋದು ನನ್ನ ಕೆಲಸ. ಶಾಂಘೈನ ಒಂದು ಕಂಪನಿ ತಿಂಗಳಿಗೆ 42,000 ಯುವಾನ್ ಕೊಡ್ತೀವಿ ಅಂದಿದೆ. ಹೆಂಡತಿ ಇಲ್ಲಿ ಬ್ಯಾಂಕಿನಲ್ಲಿದ್ದಾಳೆ, ಮಗಳು ಎರಡನೇ ಕ್ಲಾಸು. ನಾವು ಸಸ್ಯಾಹಾರಿಗಳು. ಈ ತಿಂಗಳೊಳಗೆ ಉತ್ತರ ಕೊಡಬೇಕು. ಶಾಲೆ, ಉಳಿತಾಯ, ಕೆಲಸದ ಭದ್ರತೆ ಬಗ್ಗೆ ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಪುಡೋಂಗ್ ಬಿಟ್ಟವನು:
ಹೋಗಬೇಡಿ. 2022ರಲ್ಲಿ ನಾನು ಅಲ್ಲೇ ಇದ್ದೆ. ಮಾರ್ಚ್ 28ಕ್ಕೆ ಕೊರೊನಾ ಅಂತ ಶಾಂಘೈನ ಪೂರ್ವ ಭಾಗ ಪುಡೋಂಗ್ ಮುಚ್ಚಿದರು. ನಾಲ್ಕೇ ದಿನ ಅಂದಿದ್ದರು. ಊರು ಬಾಗಿಲು ತೆಗೆದದ್ದು ಜೂನ್ 1ಕ್ಕೆ. ಎರಡೂವರೆ ಕೋಟಿ ಜನ ಇರುವ ಊರು ಸ್ವಾಮಿ!

ಸರ್ಕಾರದ ಕಡೆಯಿಂದ ಚೀಲ ಬರುತ್ತಿತ್ತು. ಎಲೆಕೋಸು, ಕ್ಯಾರೆಟ್, ಹಂದಿಮಾಂಸ. ಮಾಂಸವನ್ನು ಎದುರುಮನೆ ಅಜ್ಜಿಗೆ ಕೊಟ್ಟು ಅವರ ಹತ್ತಿರ ಆಲೂಗಡ್ಡೆ ಇಸ್ಕೊಳ್ಳುತ್ತಿದ್ದೆವು. ಒಂದೇ ಮನೆಗೆ ಅಂತ ಯಾವ ಅಂಗಡಿಯವನೂ ಸಾಮಾನು ಕಳಿಸುತ್ತಿರಲಿಲ್ಲ. ಇಡೀ ಬಿಲ್ಡಿಂಗಿನವರು ವಾಟ್ಸಾಪ್ ಥರದ ವೀಚಾಟ್‌ನಲ್ಲಿ ಸೇರಿ ಒಟ್ಟಿಗೆ ಆರ್ಡರ್ ಮಾಡಿದರೆ ಮಾತ್ರ ಗಾಡಿ ಬರುತ್ತಿತ್ತು. ಅಕ್ಕಿ ಬಂದ ದಿನ ಎಣ್ಣೆ ಇಲ್ಲ, ಎಣ್ಣೆ ಬಂದ ದಿನ ಹಾಲಿಲ್ಲ. ನೇರ ವಿಮಾನ 2020ರಲ್ಲೇ ನಿಂತಿತ್ತು. ಸುತ್ತಿ ಬಳಸಿ ಬರೋಕೆ ತಲೆಗೆ ಒಂದು ಲಕ್ಷ ರೂಪಾಯಿ ದಾಟಿತು. ಬೀಗ ಹಾಕಿದ್ದ ತಿಂಗಳುಗಳ ಬಾಡಿಗೆ ಪೂರ್ತಿ ಕಟ್ಟಿದ್ದೆ. ಆದರೂ ಕರಾರು ಮುಗಿಯುವ ಮುಂಚೆ ಹೊರಟಿರಿ ಅಂತ ಮನೆ ಮಾಲೀಕ ಡೆಪಾಸಿಟ್ ನುಂಗಿದ. ಆ ದುಡ್ಡು ಇವತ್ತಿಗೂ ಬಂದಿಲ್ಲ.

ಶೆನ್ಜೆನ್ ಕನ್ನಡಿಗ:
ಅದು ಮುಗಿದ ಕಥೆ. 2022ರ ಡಿಸೆಂಬರ್ 7ಕ್ಕೆ ಆ ಕೊರೊನಾ ನಿಯಮಗಳನ್ನು ಹೆಚ್ಚುಕಮ್ಮಿ ಎಲ್ಲ ತೆಗೆದರು. ವಿಮಾನವೂ ಶುರುವಾಯಿತು: 2025ರ ಅಕ್ಟೋಬರ್ 26ಕ್ಕೆ ಕೋಲ್ಕತ್ತಾ–ಗುವಾಂಗ್ಝೌ, ನವೆಂಬರ್‌ನಲ್ಲಿ ದೆಹಲಿ–ಶಾಂಘೈ.

ನಾನು ಹಾರ್ಡ್‌ವೇರ್ ಮನುಷ್ಯ. ಇಲ್ಲಿ ಕಲಿತದ್ದನ್ನು ಇನ್ನೆಲ್ಲೂ ಕಲಿಯೋಕೆ ಆಗುತ್ತಿರಲಿಲ್ಲ. ಬೋರ್ಡಿನಲ್ಲಿ ಒಂದು ಚಿಪ್ ಸುಟ್ಟರೆ ಮೆಟ್ರೋ ಹತ್ತಿ ಹುವಾಚಿಯಾಂಗ್‌ಬೈಗೆ ಹೋಗ್ತೀನಿ. ಅಲ್ಲಿ ಮಾಲ್‌ಗಳೊಳಗೆ ಅಡಿಕೆ ಅಂಗಡಿಯಷ್ಟೇ ಸಣ್ಣ ಸಣ್ಣ ಮಳಿಗೆಗಳು. ಗಾಜಿನ ಪೆಟ್ಟಿಗೆ ಮೇಲೆ ರೀಲುಗಟ್ಟಲೆ ಕೆಪಾಸಿಟರ್ ಇಟ್ಟುಕೊಂಡು ಕೂತಿರುತ್ತಾರೆ. ನಂಬರ್ ಹೇಳಿದರೆ ಸಾಕು, ತಮ್ಮ ಹತ್ತಿರ ಇಲ್ಲದಿದ್ದರೆ ಮೂರನೇ ಮಹಡಿಯಿಂದ ಹುಡುಗ ಓಡಿ ತಂದುಕೊಡುತ್ತಾನೆ.

ಖರ್ಚಿನ ಮಾತಾದರೆ ನನ್ನನ್ನು ಸುಸ್ತು ಮಾಡಿದ್ದು ವರ್ಕ್ ಪರ್ಮಿಟ್‌ಗೆ ಬೇಕಾದ ಡಿಗ್ರಿ ಕಾಗದ. ಪರದೇಶದ ಕಾಗದವನ್ನು ಒಂದೇ ಮುದ್ರೆಯಲ್ಲಿ ಒಪ್ಪಿಕೊಳ್ಳುವ ಅಪೊಸ್ಟೀಲ್ ಒಪ್ಪಂದಕ್ಕೆ ಚೀನಾ 2023ರ ನವೆಂಬರ್‌ನಲ್ಲಿ ಬಂತು, ಆದರೆ ಭಾರತದ ಕಾಗದಗಳಿಗೆ ಅದು ನಡೆಯುವುದಿಲ್ಲ. ರಾಜ್ಯ ಸರ್ಕಾರದ ಮುದ್ರೆ, ವಿದೇಶಾಂಗ ಇಲಾಖೆ ಮುದ್ರೆ, ಆಮೇಲೆ ಚೀನಾ ರಾಯಭಾರ ಕಚೇರಿ. ಪೊಲೀಸ್ ಸರ್ಟಿಫಿಕೇಟ್‌ಗೂ ಇದೇ ಸುತ್ತು. ಒಂದು ಕಡೆ ಅಪ್ಪನ ಹೆಸರು ಪೂರ್ತಿ, ಇನ್ನೊಂದು ಕಡೆ ಬರೀ ಇನಿಷಿಯಲ್ ಅಂತ ನನ್ನ ಫೈಲು ವಾಪಸ್ ಬಂತು. ಏಜೆಂಟ್ ಎರಡನೇ ಸಲವೂ ಪೂರ್ತಿ ಫೀಸು ವಸೂಲಿ ಮಾಡಿದ. ಬಾಡಿಗೆ ಅಡ್ವಾನ್ಸ್ ಮಾತ್ರ ಬೆಂಗಳೂರಿನ ಥರ ಹತ್ತು ತಿಂಗಳಿನದ್ದಲ್ಲ. ಒಂದು ತಿಂಗಳ ಡೆಪಾಸಿಟ್, ಮೂರು ತಿಂಗಳ ಬಾಡಿಗೆ ಮುಂಗಡ.

ಪುಡೋಂಗ್ ಬಿಟ್ಟವನು:
ಮುಗಿದ ಕಥೆ ಅನ್ನೋಕೆ ನೀವ್ಯಾರು? ನನ್ನ ಮಗು ಆವಾಗ ಕೈಗೂಸು. ಒಂದು ರಾತ್ರಿ ಜ್ವರ ಬಂದಾಗ ಟೆಸ್ಟ್ ರಿಪೋರ್ಟ್ ಇಲ್ಲ ಅಂತ ಆಸ್ಪತ್ರೆ ಗೇಟಿನಲ್ಲೇ ನಿಲ್ಲಿಸಿದರು. ಚಿಪ್ ಬೇಗ ಸಿಗುತ್ತೆ ಅಂತ ಅದನ್ನು ಮರೀಬೇಕಾ?

ಶೆನ್ಜೆನ್ ಕನ್ನಡಿಗ:
ಮರೀರಿ ಅಂತ ನಾನು ಹೇಳಲಿಲ್ಲ. ಅವರು ಕೇಳಿದ್ದು ಈಗಿನ ಪರಿಸ್ಥಿತಿ.

ಸುಝೌನಲ್ಲಿದ್ದವಳು:
ನಿಮ್ಮಿಬ್ಬರ ಜಗಳದಲ್ಲಿ ಹೆಂಡತಿ ವಿಷಯ ಯಾರೂ ಎತ್ತಲಿಲ್ಲ. ನಾನು ಭಾರತದಲ್ಲಿ ಆರ್ಕಿಟೆಕ್ಟ್ ಆಗಿದ್ದೆ. ಗಂಡನ ಜೊತೆ ಹೋದದ್ದು ಕುಟುಂಬದವರಿಗೆ ಕೊಡುವ ಎಸ್ 1 ವೀಸಾದಲ್ಲಿ. ಆ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ. ಕೆಲಸ ಬೇಕಿದ್ದರೆ ನಮ್ಮ ಹೆಸರಿನಲ್ಲೇ ವರ್ಕ್ ಪರ್ಮಿಟ್ ಆಗಬೇಕು. ಸ್ಥಳೀಯ ಕಂಪನಿಗಳು ನನ್ನ ಪೋರ್ಟ್‌ಫೋಲಿಯೊ ನೋಡಿ ಚೆನ್ನಾಗಿದೆ ಅಂದವು, ಆದರೆ ಪರ್ಮಿಟ್ ಮಾಡಿಸಲು ಯಾರೂ ಮುಂದೆ ಬರಲಿಲ್ಲ. ಅಪಾರ್ಟ್‌ಮೆಂಟ್ ದಂಧೆಯೇ ಮಲಗಿತ್ತು. ಅಲ್ಲಿನ ದೊಡ್ಡ ಬಿಲ್ಡರ್ ಎವರ್‌ಗ್ರಾಂಡ್ ಅನ್ನು 2024ರ ಜನವರಿಯಲ್ಲಿ ಹಾಂಗ್‌ಕಾಂಗ್ ಕೋರ್ಟ್ ಮುಚ್ಚಿಸಿದ ಕಾಲ ಅದು. ವಾಪಸ್ ಬಂದ ಮೇಲೆ ಇಲ್ಲಿ ನನ್ನ ಜೂನಿಯರ್ ಕೈಕೆಳಗೆ ಕೆಲಸಕ್ಕೆ ಸೇರಿದ್ದೇನೆ. ಆ ನೋವು ಹೋಗಿಲ್ಲ.

ಇನ್ನು ಶಾಲೆ. ನಾವು ವಿಚಾರಿಸಿದ ಇಂಟರ್‌ನ್ಯಾಷನಲ್ ಶಾಲೆಗಳಲ್ಲಿ ವರ್ಷಕ್ಕೆ ಎರಡು ಲಕ್ಷ ಯುವಾನ್ ಮೇಲೆ. ಅಂದರೆ 24 ಲಕ್ಷ ರೂಪಾಯಿ. ಬಸ್ಸು, ಯೂನಿಫಾರ್ಮ್, ಊಟ ಬೇರೆ. ಕಂಪನಿಯವರು ಶಾಲೆ ಫೀಸು ನೋಡ್ಕೊಳ್ತೀವಿ ಅಂತ ಬಾಯಲ್ಲಿ ಹೇಳಿದ್ದರು. ಎರಡನೇ ವರ್ಷ ಅರ್ಧಕ್ಕೆ ಇಳಿಸಿದರು.

ರಾಜಾಜಿನಗರದ ಹುಡುಗ:
ಇಷ್ಟೆಲ್ಲ ರಗಳೆ ಯಾಕೆ? 2025ರ ಅಕ್ಟೋಬರ್ 1ರಿಂದ ಕೆ ವೀಸಾ ಬಂದಿದೆ. ವಿಜ್ಞಾನ, ತಂತ್ರಜ್ಞಾನ ಓದಿದ ಯುವಕರಿಗೆ ಕಂಪನಿ ಆಹ್ವಾನವೇ ಬೇಡ. ಅಮೆರಿಕದವರು 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್ 1 ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಕೇಳೋಕೆ ಶುರು ಮಾಡಿದಾಗ ಇವರು ಬಾಗಿಲು ತೆರೆದರು.

ಕೆಲಸ ಕಳೆದುಕೊಂಡವನು:
ತಮ್ಮಾ, ನೀನು ಅಲ್ಲಿ ಒಂದು ದಿನವಾದರೂ ಇದ್ದೆಯಾ? ಕೆ ವೀಸಾ ಅಂದ ಕೂಡಲೇ ಅಲ್ಲಿನ ಜನ ಟ್ವಿಟ್ಟರ್ ಥರದ ವೈಬೊದಲ್ಲಿ ಉರಿದುಬಿದ್ದರು. ಅದರಲ್ಲೂ ಭಾರತದವರ ಮೇಲೇ ಜಾಸ್ತಿ. ಅವರ ಸಿಟ್ಟಿಗೂ ಕಾರಣ ಇದೆ. 2025ರಲ್ಲಿ ಒಂದು ಕೋಟಿ 22 ಲಕ್ಷ ಮಕ್ಕಳು ಡಿಗ್ರಿ ಮುಗಿಸಿ ಹೊರಬಂದರು. ಆ ಆಗಸ್ಟ್‌ನಲ್ಲಿ 16ರಿಂದ 24 ವಯಸ್ಸಿನವರ ನಿರುದ್ಯೋಗ ಶೇ. 18.9.

ನನ್ನದೂ ಎಲೆಕ್ಟ್ರಿಕ್ ಕಾರಿನ ಫೀಲ್ಡೇ. ಅಲ್ಲಿ ಬೆಲೆ ಯುದ್ಧ ನಡೆಯುತ್ತಿದೆ. 2025ರ ಮೇನಲ್ಲಿ ಬಿವೈಡಿ ಕೆಲವು ಕಾರುಗಳಿಗೆ ಶೇ. 34ರವರೆಗೆ ಬೆಲೆ ಇಳಿಸಿತು. ಬೈದು, ಗೀಲಿಯಂಥ ದೊಡ್ಡವರು ಬೆನ್ನಿಗಿದ್ದ ಜಿಯುಯೆ ಅನ್ನೋ ಎಲೆಕ್ಟ್ರಿಕ್ ಕಾರು ಕಂಪನಿ ಕೂಡ 2024ರ ಡಿಸೆಂಬರ್‌ನಲ್ಲಿ ದಿಢೀರ್ ಅಂತ ಕುಸಿಯಿತು, ನೌಕರರು ಸಿಇಒನನ್ನೇ ಸುತ್ತುವರಿದರು. ನಮ್ಮ ಕಂಪನಿ ಅಷ್ಟು ದೊಡ್ಡದಲ್ಲ, ಮೊದಲು ಪರದೇಶದವರನ್ನು ತೆಗೆದರು.

ಕಾನೂನು ಪ್ರಕಾರ ದುಡಿದ ವರ್ಷಕ್ಕೆ ಒಂದೊಂದು ತಿಂಗಳ ಸಂಬಳ, ನೋಟಿಸ್ ಕೊಡದಿದ್ದರೆ ಇನ್ನೊಂದು ತಿಂಗಳಿನದ್ದು. ಎನ್ ಪ್ಲಸ್ ಒನ್ ಅಂತಾರೆ. ಆದರೆ ಸಂಬಳ ಜಾಸ್ತಿ ಇದ್ದವರಿಗೆ ಊರಿನ ಸರಾಸರಿ ಸಂಬಳದ ಮೂರು ಪಟ್ಟಿಗೆ ಲೆಕ್ಕ ನಿಲ್ಲುತ್ತದೆ. ಅದನ್ನೂ ಕೊಡದೆ ರಾಜೀನಾಮೆ ಅಂತ ಬರೆದುಕೊಡಿ ಅಂದರು. ಬರೆಯಲಿಲ್ಲ. ಆರ್ಬಿಟ್ರೇಷನ್‌ಗೆ ಹೋಗ್ತೀನಿ ಅಂದ ಮೇಲೆ ದುಡ್ಡು ಬಂತು, ಆದರೆ ರಿಲೀವಿಂಗ್ ಲೆಟರ್ ತಡ ಮಾಡಿದರು. ಅದಿಲ್ಲದೆ ಹೊಸ ಪರ್ಮಿಟ್ ಆಗಲ್ಲ. ಸಿಕ್ಕಿದ್ದ ಇನ್ನೊಂದು ಕೆಲಸ ಹಾಗೇ ಕೈಬಿಟ್ಟಿತು.

ರಾಜಾಜಿನಗರದ ಹುಡುಗ:
ನಿಮಗೆ ಆಗಲಿಲ್ಲ ಅಂತ ಎಲ್ಲರಿಗೂ ಆಗಲ್ಲ ಅನ್ನಬೇಡಿ ಅಣ್ಣ.

ಚೆಂಗ್ಡುವಿನ ಯೋಗ ಟೀಚರ್:
ಸಸ್ಯಾಹಾರದ ಬಗ್ಗೆ ಕೇಳಿದ್ದೀರಿ. ಬೌದ್ಧ ದೇವಸ್ಥಾನಗಳ ಪಕ್ಕದ ಊಟದ ಮನೆಗಳು ಶುದ್ಧ ಸಸ್ಯಾಹಾರಿ. ನಾನು ಮೈಸೂರಿನವನು, ಚೆನ್ನಾಗಿಯೇ ಊಟ ಮಾಡಿಕೊಂಡಿದ್ದೀನಿ.

ಪುಡೋಂಗ್ ಬಿಟ್ಟವನು:
ದಿನಾ ದೇವಸ್ಥಾನಕ್ಕೆ ಹೋಗೋಕಾಗುತ್ತಾ? ಆಫೀಸ್ ಕ್ಯಾಂಟೀನಿನಲ್ಲಿ ಸೊಪ್ಪಿನ ಪಲ್ಯಕ್ಕೂ ಹಂದಿ ಚೂರು ಹಾಕಿರುತ್ತಾರೆ.

ಚೆಂಗ್ಡುವಿನ ಯೋಗ ಟೀಚರ್:
ಕೇಳಿದರೆ ಹಾಕದೆ ಮಾಡಿಕೊಡುತ್ತಾರೆ ಸರ್. ನನ್ನ ಬಿಲ್ಡಿಂಗ್ ಕೆಳಗಿನ ಹೋಟೆಲಿನ ಅಕ್ಕ ನನಗೋಸ್ಕರ ಬೇರೆ ಬಾಣಲೆಯೇ ಇಟ್ಟಿದ್ದಾರೆ. ಜನರನ್ನು ಬೈಯಬೇಡಿ.

ಹೆಬ್ಬಾಳದ ಇಂಜಿನಿಯರ್:
ಎಲ್ಲರಿಗೂ ಥ್ಯಾಂಕ್ಸ್. ಉಳಿತಾಯ ಎಷ್ಟಾಗಬಹುದು ಅಂತ ಯಾರಾದರೂ ಹೇಳ್ತೀರಾ?

ಕೆಲಸ ಕಳೆದುಕೊಂಡವನು:
ನಿಮ್ಮ ಸಂಬಳಕ್ಕೆ ಶೇ. 25ರ ತೆರಿಗೆ ಸ್ಲ್ಯಾಬ್ ಬರುತ್ತದೆ. ಪರದೇಶದವರಿಗೆ ಮನೆ ಬಾಡಿಗೆ, ಮಕ್ಕಳ ಶಾಲೆ ಫೀಸಿನ ಮೇಲೆ ತೆರಿಗೆ ವಿನಾಯಿತಿ 2027ರ ಕೊನೆವರೆಗೂ ಇದೆ. ಬಾಡಿಗೆ 12,000 ಆದರೆ ಅದರಿಂದಲೇ ವರ್ಷಕ್ಕೆ 30,000 ಯುವಾನ್‌ಗೂ ಜಾಸ್ತಿ ಉಳಿಯುತ್ತದೆ. ಆದರೆ ಮನೆ ಮಾಲೀಕ ಫಾಪಿಯಾವ್, ಅಂದರೆ ತೆರಿಗೆ ಬಿಲ್ಲು, ಕೊಡಬೇಕು. ನಮ್ಮವನು ಕೊಡ್ತೀನಿ ಅಂದು, ಆಮೇಲೆ ಬೇಕಿದ್ದರೆ ಬಾಡಿಗೆ ಮೇಲೆ ಇನ್ನಷ್ಟು ಸೇರಿಸಿ ಕೊಡಿ ಅಂದ. ಹೀಗಾಗಿ ವಿನಾಯಿತಿ ಇಡೀ ವರ್ಷ ಸಿಗಲಿಲ್ಲ. ಪಿಂಚಣಿಗೆ ನಿಮ್ಮ ಕೈಯಿಂದ ಶೇ. 8 ಹೋಗುತ್ತದೆ. ಭಾರತದ ಜೊತೆ ಚೀನಾಗೆ ಪಿಂಚಣಿ ಬಗ್ಗೆ ಒಪ್ಪಂದ ಇಲ್ಲ, ಹಾಗಾಗಿ ತಪ್ಪಿಸಿಕೊಳ್ಳೋಕೆ ಆಗಲ್ಲ. ದೇಶ ಬಿಡುವಾಗ ಆ ಶೇ. 8 ವಾಪಸ್ ಕೇಳಬಹುದು, ಕಂಪನಿ ಕಟ್ಟಿದ ಪಾಲು ಬರಲ್ಲ.

ಸುಝೌನಲ್ಲಿದ್ದವಳು:
ಇವರು ಹೇಳಿದ ಫಾಪಿಯಾವ್ ಮಾತನ್ನು ಬಾಡಿಗೆ ಕರಾರಿನಲ್ಲಿ ಬರೆಸಿ. ಶಾಲೆ ಫೀಸನ್ನು ಆಫರ್ ಲೆಟರ್‌ನಲ್ಲಿ, ಚೀನೀ ಪ್ರತಿಯಲ್ಲೂ, ಎಷ್ಟು ವರ್ಷಕ್ಕೆ ಅಂತ ಸೇರಿಸಿ ಬರೆಸಿ. ಬರೆಯಲ್ಲ ಅಂದರೆ ಮಗಳನ್ನು, ಹೆಂಡತಿಯನ್ನು ಇಲ್ಲೇ ಬಿಟ್ಟು ನೀವೊಬ್ಬರೇ ಹೋಗಿ. ಅವರ ಬ್ಯಾಂಕ್ ಕೆಲಸಕ್ಕೆ ಮಾತ್ರ ರಾಜೀನಾಮೆ ಕೊಡಿಸಬೇಡಿ, ಸಂಬಳವಿಲ್ಲದ ರಜೆ ಸಿಗುತ್ತಾ ಕೇಳಿ.

ಪುಡೋಂಗ್ ಬಿಟ್ಟವನು:
ಮೇಡಂ ಹೇಳಿದ್ದು ಸರಿ. ಶೆನ್ಜೆನ್ ಸರ್, ನಿಮ್ಮ ಮಕ್ಕಳು ಯಾವ ಶಾಲೆ? ಅದನ್ನು ಹೇಳಲೇ ಇಲ್ಲ.

ಶೆನ್ಜೆನ್ ಕನ್ನಡಿಗ:
ನನಗೆ ಮದುವೆ ಆಗಿಲ್ಲ.