ಯಾವ ಕೇಬಲ್‌ಗೆ ಬೆಂಕಿ ಬಿತ್ತು?

ಗೆಳೆಯರೇ,

ದೊಡ್ಡ ಸೇತುವೆಗಳಲ್ಲಿ ಕರೆಂಟು, ಗಾಳಿ, ಬೆಂಕಿ ಈ ಮೂರನ್ನೂ ಹೇಗೆ ನೋಡಿಕೊಳ್ಳುತ್ತಾರೆ ಅಂತ ಒಂದು ಲೇಖನ ಬರೆಯುತ್ತಿದ್ದೇನೆ. ‘ಕೇಬಲ್’ ಅನ್ನುವ ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

2005ರ ಜನವರಿಯಲ್ಲಿ ಗ್ರೀಸ್‌ನ ರಿಯೋ–ಆಂಟಿರಿಯೋ ಸೇತುವೆಗೆ ಸಿಡಿಲು ಬಡಿಯಿತು. ಬೆಂಕಿ ಹತ್ತಿ ಒಂದು ಕೇಬಲ್ ಕಡಿದು ಬಿತ್ತು. ಇಷ್ಟು ಬರೆದು ತಂಗಿಗೆ ಓದಲು ಕೊಟ್ಟೆ. ‘ಹಾಗಾದ್ರೆ ಕರೆಂಟು ಹೋಯ್ತಾ?’ ಅಂದಳು. ಅವಳ ತಪ್ಪಲ್ಲ. ಬೆಂಕಿ, ಕೇಬಲ್ ಎರಡೂ ಒಟ್ಟಿಗೆ ಬಂದರೆ ಯಾರಿಗಾದರೂ ಹೊಳೆಯುವುದು ಕರೆಂಟಿನ ಕೇಬಲ್ಲೇ ಅಲ್ವಾ? ಅಲ್ಲಿ ಕಡಿದದ್ದು ಸೇತುವೆಯನ್ನು ಗೋಪುರಕ್ಕೆ ಬಿಗಿದಿದ್ದ ಉಕ್ಕಿನ ಕೇಬಲ್.

ಕರೆಂಟಿನದನ್ನು ‘ತಂತಿ’ ಅಂದುಬಿಡೋಣ ಅಂದರೆ ಇನ್ನೊಂದು ತೊಡಕು. ಜಪಾನಿನ ಅಕಾಶಿ ಕೈಕ್ಯೊ ತೂಗುಸೇತುವೆಯ ಒಂದೊಂದು ಮುಖ್ಯ ಕೇಬಲ್‌ನಲ್ಲೂ 36,830 ಉಕ್ಕಿನ ತಂತಿಗಳಿವೆ! ಅದರ ದಪ್ಪ ಒಂದು ಮೀಟರಿಗೂ ಜಾಸ್ತಿ. ‘ಹಗ್ಗ’ ಅಂದರೆ ಅದರ ಗಾತ್ರ ಕಣ್ಣಿಗೆ ಕಟ್ಟುವುದಿಲ್ಲ. ‘ಹುರಿ’ ನನಗೆ ಇಷ್ಟವಾಗಿತ್ತು. ಆದರೆ ಹುರಿ ಅಂದರೆ ಹೊಸೆದದ್ದು. ಇಲ್ಲಿ ತಂತಿಗಳನ್ನು ಹೊಸೆದಿಲ್ಲ, ಉದ್ದಕ್ಕೆ ಪಕ್ಕಪಕ್ಕ ಜೋಡಿಸಿ ಬಿಗಿದಿದ್ದಾರೆ. ಸದ್ಯಕ್ಕೆ ‘ಮಿಣಿ’ ಅಂತ ಬರೆದಿದ್ದೇನೆ. ದಪ್ಪ ಹಗ್ಗ ಅನ್ನುವ ಅರ್ಥ ಅದಕ್ಕೆ ಮೊದಲೇ ಇದೆ. ‘ಕೇಬಲ್’ ಕರೆಂಟಿಗೇ ಇರಲಿ, ಭಾರ ಹೊರುವುದು ‘ಉಕ್ಕಿನ ಮಿಣಿ’ ಆಗಲಿ ಅನ್ನುವುದು ನನ್ನ ಯೋಚನೆ. ‘ತಂತಿಕಟ್ಟು’ ಕೂಡ ಮನಸ್ಸಿನಲ್ಲಿದೆ. ಹೊಸೆಯದ ತಂತಿಗಳಿಗೆ ಅದೇ ಸರಿಯೇನೋ. ಆದರೆ ಕಟ್ಟು ಅಂದಾಗ ಸುಮ್ನೆ ಮೂಲೆಯಲ್ಲಿ ಬಿದ್ದಿರುವ ಸೌದೆ ಕಟ್ಟಿನ ನೆನಪಾಗುತ್ತದೆ, ಭಾರ ಹಿಡಿದ ಬಿಗಿ ಕಾಣುವುದಿಲ್ಲ.

ಗಾಳಿಯ ಮಾತೂ ಇಲ್ಲೇ ಬರುತ್ತದೆ. ಈ ಮಿಣಿಗೆ ಹೊರಗಿನ ಗಾಳಿಯಾಡದಂತೆ ಹೊದಿಕೆ ಸುತ್ತಿ, ಒಳಗೆ ತೇವ ತೆಗೆದ ಗಾಳಿ ಊದುತ್ತಾರೆ. ತುಕ್ಕು ಹಿಡಿಯಬಾರದು ಅಂತ. ಇದಕ್ಕೆ ‘ಗಾಳಿಯಾಟ’ ಹೊಂದುವುದಿಲ್ಲ, ‘ಒಣಗಾಳಿ ಊದಿಕೆ’ ಅಂದಿದ್ದೇನೆ. ಸೇತುವೆಯ ಟೊಳ್ಳು ತೊಲೆಯೊಳಗೆ ಇಳಿದು ಕೆಲಸ ಮಾಡುವವರ ಉಸಿರಿಗೆ ಬೇಕಾದದ್ದು ಮಾತ್ರ ಗಾಳಿಯಾಟ. ‘ವಾತಾಯನ’ ಬೇಡ, ಅದರ ಹಳೆಯ ಅರ್ಥ ಕಿಟಕಿ.

‘ಅಗ್ನಿಶಮನ’ವನ್ನೂ ಎಲ್ಲದಕ್ಕೂ ಬಳಸಲಾರೆ. ಅದು ಹತ್ತಿದ ಬೆಂಕಿಯನ್ನು ಆರಿಸುವ ಕೆಲಸ. ಬೆಂಕಿಯ ಬಿಸಿಗೆ ಉಬ್ಬಿ ಉಕ್ಕನ್ನು ಕಾಪಾಡುವ ಬಣ್ಣಕ್ಕೆ ‘ಬೆಂಕಿತಡೆ’ ಸಾಕು ಅನಿಸುತ್ತದೆ.

‘ಮಿಣಿ’ ನಿಮ್ಮ ಕಡೆ ಬರೀ ತೊಗಲಿನ ಹಗ್ಗವೇ, ಬೇರೆಯದಕ್ಕೂ ಹೇಳುತ್ತೀರಾ? ಉಕ್ಕಿನದಕ್ಕೆ ಅಂದರೆ ಕಿವಿಗೆ ಒಗ್ಗುತ್ತದೆಯೇ?