‘ಫೋಟೋ ತೆಗೆದು ಹಾಕಿದರು’: ಏರಿಸಿದರಾ, ಅಳಿಸಿದರಾ?

ಗೆಳೆಯರೇ,

ಒಬ್ಬ ಮಾಧ್ಯಮ ವಿದ್ವಾಂಸರ ಕೆಲಸದ ಬಗ್ಗೆ ಕನ್ನಡದಲ್ಲಿ ಪುಟ್ಟ ಪರಿಚಯ ಬರೆಯುತ್ತಿದ್ದೇನೆ. ಜನ ತಮ್ಮ ಪ್ರದೇಶದ ಫೋಟೋಗಳನ್ನು ಡಿಜಿಟಲ್ ಪ್ಲಾಟ್‌ಫಾರ್ಮ್‌ಗಳಲ್ಲಿ ಹಂಚಿಕೊಂಡರೆ ಅಲ್ಲಿನ ಅಭಿವೃದ್ಧಿಗೆ ಏನಾಗುತ್ತದೆ ಎನ್ನುವುದು ಅವರ ವಿಷಯ. ವಿಷಯ ಅರ್ಥವಾಗಿದೆ, ಪದಗಳೇ ಕೈಕೊಡುತ್ತಿವೆ.

‘ಜನ ಬಿರುಕು ಬಿಟ್ಟ ಸೇತುವೆಯ ಫೋಟೋ ತೆಗೆದು ಹಾಕಿದರು’ ಎಂದು ಬರೆದಿದ್ದೆ. ಓದಿದ ಗೆಳತಿ, ‘ಯಾಕೆ ತೆಗೆದುಹಾಕಿದರು, ಯಾರಾದ್ರೂ ತಕರಾರು ಮಾಡಿದ್ರಾ?’ ಎಂದಳು. ಮಾತಿನಲ್ಲಾದರೆ ನಡುವೆ ಒಂಚೂರು ನಿಂತರೆ ಸಾಕು, ತಿಳಿಯುತ್ತದೆ. ಬರಹದಲ್ಲಿ ಇರುವುದು ಒಂದು ಖಾಲಿ ಜಾಗ ಮಾತ್ರ, ಅದೂ ಎಷ್ಟೋ ಸಲ ಬೆರಳಚ್ಚಿನಲ್ಲಿ ಮಾಯ. ‘ಕ್ಲಿಕ್ಕಿಸು’ ಪತ್ರಿಕೆಯವರ ಪದ, ನನಗೆ ಒಗ್ಗುವುದಿಲ್ಲ. ‘ಸೆರೆಹಿಡಿ’ ಎಂದರೆ ಸೇತುವೆಯೇ ಕಳ್ಳ ಎಂದ ಹಾಗೆ.

ಇನ್ನು ಕಂಪನಿಯೇ ಫೋಟೋವನ್ನು ಕಾಣದಂತೆ ಮಾಡಿದರೆ? ‘ಅಳಿಸಿತು’ ಎನ್ನಲು ಮನಸ್ಸಿಲ್ಲ. ನಮಗೆ ಕಾಣದಿದ್ದರೂ ಅದರ ಪ್ರತಿ ಅವರ ಸರ್ವರ್‌ನಲ್ಲಿ ಉಳಿದಿರಬಹುದು. ‘ಇಳಿಸಿತು’ ಚೆನ್ನಾಗಿತ್ತು, ಆದರೆ ‘ಇಳಿಸಿಕೊಳ್ಳುವುದು’ ಆಗಲೇ ಡೌನ್‌ಲೋಡ್‌ಗೆ ಹೋಗಿಬಿಟ್ಟಿದೆ. ‘ಕಿತ್ತುಹಾಕಿತು’ ಎಂದರೆ ಸಿಟ್ಟು ಜಾಸ್ತಿಯಾಯಿತು.

ದೊಡ್ಡ ತಲೆನೋವು ‘ಪ್ಲಾಟ್‌ಫಾರ್ಮ್’. ಎಲ್ಲರೂ ‘ವೇದಿಕೆ’ ಎನ್ನುತ್ತಾರೆ. ಟಾರ್ಲ್‌ಟನ್ ಗಿಲೆಸ್ಪಿ ಎಂಬ ಮಾಧ್ಯಮ ವಿದ್ವಾಂಸರು 2010ರಲ್ಲೇ ಈ ಇಂಗ್ಲಿಷ್ ಪದದ ಜಾಣತನವನ್ನು ತೋರಿಸಿದ್ದರು. ಬಳಕೆದಾರರಿಗೆ, ಜಾಹೀರಾತುದಾರರಿಗೆ, ಕಾನೂನು ಮಾಡುವವರಿಗೆ ಅದೇ ಒಂದು ಪದ ಬೇರೆ ಬೇರೆ ಭರವಸೆ ಕೊಡುತ್ತದೆ. ನಮ್ಮ ‘ವೇದಿಕೆ’ ಇನ್ನೂ ಮುಗ್ಧ. ಹತ್ತಿದವರು ಮಾತಾಡುತ್ತಾರೆ, ಕೂತವರು ಕೇಳುತ್ತಾರೆ, ಅಷ್ಟೇ. ಯಾರ ಫೋಟೋ ಯಾರ ಕಣ್ಣಿಗೆ ಬೀಳಬೇಕು ಎಂದು ಒಳಗೊಬ್ಬರು ಆರಿಸುತ್ತಿದ್ದಾರೆ ಎನ್ನುವ ಸುಳಿವೇ ಅದರಲ್ಲಿಲ್ಲ. ‘ಕಟ್ಟೆ’ ನನಗಿಷ್ಟ, ಆದರೆ ಕಟ್ಟೆ ಕೂತವರೆಲ್ಲರದು. ಸರಕು ಒಬ್ಬರದು, ಕಮಿಷನ್ ಇನ್ನೊಬ್ಬರದು ಎನ್ನುವ ಅರ್ಥಕ್ಕೆ ‘ಮಂಡಿ’ ಸರಿಹೊಂದುತ್ತದೆ. ಆದರೆ ‘ಡಿಜಿಟಲ್ ಮಂಡಿ’ ಎಂದರೆ ಓದುಗರು ಮೊಣಕಾಲು ಮುಟ್ಟಿಕೊಂಡು ನೋಡಿಯಾರು!

ಫೋಟೋ ಎನ್ನಬೇಡಿ, ‘ಛಾಯಾಚಿತ್ರ’ ಎನ್ನಿ ಎಂದು ಒಬ್ಬರು ಹೇಳಿದರು. ಛಾಯೆ ಎಂದರೆ ನೆರಳು, ಫೋಟೋ ಎಂದರೆ ಬೆಳಕು, ಪದವೇ ತಪ್ಪು ಎಂದು ಇನ್ನೊಬ್ಬರು. ತಪ್ಪೇನಿಲ್ಲ. ‘ಬೆಳಕಿನ ಬರಹ’ ಎಂಬ ಅರ್ಥದ ‘ಫೋಟೋಗ್ರಫಿ’ಯನ್ನು ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1839ರಲ್ಲಿ ಬಳಕೆಗೆ ತಂದರು. ಅದೇ ವರ್ಷ, ಫೋಟೋ ತೆಗೆಯುವ ವಿಧಾನ ಕಂಡುಹಿಡಿದವರಲ್ಲಿ ಒಬ್ಬರಾದ ಟಾಲ್ಬಟ್ ತಮ್ಮ ಪ್ರಬಂಧದಲ್ಲಿ ಇದನ್ನು ನೆರಳನ್ನು ನಿಲ್ಲಿಸುವ ಕಲೆ ಎಂದರು. ಹಾಗಾಗಿ ನೆರಳೂ ಅಷ್ಟೇ ಹಳೆಯದು. ಆದರೂ ಫೋನಿನಲ್ಲಿ ತೆಗೆದದ್ದನ್ನು ಯಾರೂ ಛಾಯಾಚಿತ್ರ ಎನ್ನುವುದಿಲ್ಲ, ಅಲ್ವಾ? ಕಲೆಗೆ ‘ಛಾಯಾಗ್ರಹಣ’, ವಸ್ತುವಿಗೆ ‘ಫೋಟೋ’ ಎಂದು ಇಟ್ಟುಕೊಂಡಿದ್ದೇನೆ.

ಕೊನೆಯದು ‘ಪ್ರಾದೇಶಿಕ ಅಭಿವೃದ್ಧಿ’. ಪ್ರಾದೇಶಿಕ ಪಕ್ಷ, ಪ್ರಾದೇಶಿಕ ಭಾಷೆ ಎಂದು ಓದಿ ಓದಿ ಆ ಪದ ಕಂಡರೆ ನಮಗೆ ಇಡೀ ರಾಜ್ಯವೇ ನೆನಪಾಗುತ್ತದೆ. ‘ಪ್ರದೇಶಾಭಿವೃದ್ಧಿ’ ಎಂದರೆ ಶಾಸಕರ ನಿಧಿಯ ವಾಸನೆ. ‘ಸೀಮೆಯ ಏಳಿಗೆ’ ಎಂದರೆ ನಡೆದೀತೇ? ಸೀಮೆಎಣ್ಣೆ, ಸೀಮೆಹಸುಗಳಲ್ಲಿ ‘ಸೀಮೆ’ ಹೊರಗಿನದಾಗಿಬಿಟ್ಟಿದೆ ಎನ್ನುವುದೊಂದೇ ಅಳುಕು.

ಸದ್ಯಕ್ಕೆ ‘ಪ್ಲಾಟ್‌ಫಾರ್ಮ್’ ಹಾಗೇ ಬಿಟ್ಟಿದ್ದೇನೆ. ಸೇತುವೆಯ ವಾಕ್ಯವನ್ನು ನೀವಾದರೆ ಹೇಗೆ ಬರೆಯುತ್ತಿದ್ದಿರಿ?