ಮೈದಾನದಲ್ಲಿ ಮಗ ರೇಗಾಡುತ್ತಾನೆ, ಏನು ಮಾಡಲಿ?

ಕೇಳಿದವರು: ಹತ್ತು ವರ್ಷದ ಹುಡುಗನ ತಾಯಿ, ಬೆಂಗಳೂರು

ಮಗ ಇಲ್ಲಿನ ಒಂದು ಅಕಾಡೆಮಿಯಲ್ಲಿ ಫುಟ್‌ಬಾಲ್ ಕಲಿಯುತ್ತಿದ್ದಾನೆ. ಆಟ ಸುಧಾರಿಸುತ್ತಿದೆ, ನಡತೆ ಕೆಡುತ್ತಿದೆ. ರೆಫರಿ ಫೌಲ್ ಕೊಟ್ಟರೆ ಕೈಯೆತ್ತಿ ಕೂಗಾಡುತ್ತಾನೆ. ಸೋತರೆ ಎದುರು ತಂಡದವರ ಕೈಕುಲುಕದೆ ನೇರವಾಗಿ ಬ್ಯಾಗಿನ ಹತ್ತಿರ ಬರುತ್ತಾನೆ. ಕಳೆದ ಪಂದ್ಯದಲ್ಲಿ ತನ್ನದೇ ಗೋಲ್‌ಕೀಪರ್‌ಗೆ ‘ನಿನ್ನಿಂದಲೇ ಸೋತೆವು’ ಎಂದುಬಿಟ್ಟ. ಆ ಮಗು ಅತ್ತಿತು. ಕೋಚ್ ಏನೂ ಹೇಳಲಿಲ್ಲ. ನಮ್ಮ ಮನೆಯವರು ಗೆರೆಯ ಪಕ್ಕ ನಿಂತು ತಾವೂ ಕೂಗುತ್ತಾರೆ. ಕೇಳಿದರೆ ‘ಗೆಲ್ಲುವ ಛಲ ಇರಲಿ ಬಿಡು’ ಎನ್ನುತ್ತಾರೆ. ಆಟ ಬಿಡಿಸಿಬಿಡಲೇ? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಮಕ್ಕಳ ಕೋಚ್, ಬೆಂಗಳೂರು

ಬಿಡಿಸಬೇಡಿ ಮೇಡಂ. ಸಿಟ್ಟನ್ನು ಹತೋಟಿಗೆ ತಂದುಕೊಳ್ಳಲು ಮೈದಾನಕ್ಕಿಂತ ಒಳ್ಳೆಯ ಜಾಗ ಅವನಿಗೆ ಸಿಗುವುದಿಲ್ಲ. ಮೊದಲು ಒಂದನ್ನು ಬೇರ್ಪಡಿಸಿ ನೋಡಿ: ಸೋತಾಗ ಅಳುವುದು ತಪ್ಪಲ್ಲ, ಅದಕ್ಕೆ ಅವನನ್ನು ಗದರಬೇಡಿ. ಇನ್ನೊಬ್ಬರನ್ನು ಅಳಿಸುವುದು ತಪ್ಪು, ಅದನ್ನು ಒಂದು ಸಲವೂ ಬಿಟ್ಟುಕೊಡಬೇಡಿ.

ಗೋಲ್‌ಕೀಪರ್ ವಿಷಯಕ್ಕೆ ನನ್ನ ಬಳಿ ಒಂದೇ ಮದ್ದು ಇದೆ. ಅಭ್ಯಾಸದಲ್ಲಿ ಎಲ್ಲ ಮಕ್ಕಳೂ ಸರದಿಯಂತೆ ಗೋಲಿನಲ್ಲಿ ನಿಲ್ಲಬೇಕು. ಮುಂದೆ ಆಡುವ ಹುಡುಗನಿಗೆ ಗೋಲ್ ಎಂದರೆ ಒದೆಯುವ ಜಾಗ ಮಾತ್ರ. ಅಲ್ಲೇ ನಿಂತಾಗ, ತನ್ನ ಡಿಫೆಂಡರ್ ಜಾರಿ ಬಿದ್ದು ಎದುರಾಳಿ ಒಬ್ಬನೇ ಚೆಂಡಿನೊಂದಿಗೆ ನುಗ್ಗಿ ಬರುವಾಗ, ಮುಂದೆ ಓಡಬೇಕೋ ನಿಂತಲ್ಲೇ ನಿಲ್ಲಬೇಕೋ ತೋಚದೆ ಕಾಲು ಕಟ್ಟಿಹಾಕಿದಂತಾಗುತ್ತದೆ. ಚೆಂಡು ಬಲೆಗೆ ಬಿದ್ದ ಮೇಲೆ ಅದನ್ನು ಎತ್ತಿಕೊಳ್ಳಲು ತಾನೇ ಬಗ್ಗಬೇಕು, ಹತ್ತಿರ ಬರುವವರು ಯಾರೂ ಇರುವುದಿಲ್ಲ. ಹಾಗಾಗಿ ನಮ್ಮಲ್ಲಿ ಇನ್ನೊಂದು ಕಟ್ಟುಪಾಡಿದೆ. ಗೋಲ್ ಬಿಟ್ಟ ಕೂಡಲೇ ಹತ್ತಿರವಿದ್ದವನು ಓಡಿ ಹೋಗಿ ಚೆಂಡನ್ನು ಬಲೆಯಿಂದ ತಾನೇ ತೆಗೆಯಬೇಕು, ಕೀಪರ್‌ನ ಬೆನ್ನು ತಟ್ಟಿ ಬರಬೇಕು. ಜೊತೆಯವನನ್ನು ಬೈದರೆ ಹೊರಗೆ ಕರೆಯುತ್ತೇನೆ. ನೀರು ಕುಡಿಸಿ, ‘ಏನು ನೋಡಿದೆ ಹೇಳು’ ಎಂದು ಕೇಳಿ, ಕೆಲವು ನಿಮಿಷದ ನಂತರ ಒಳಗೆ ಕಳಿಸುತ್ತೇನೆ. ಉಪದೇಶ ಇಲ್ಲ. ಆದರೆ ಹೀಗೆ ಮಾಡುತ್ತೇನೆಂದು ಪಂದ್ಯಕ್ಕೆ ಮೊದಲೇ ಹೇಳಿರುತ್ತೇನೆ. ಅವನ ಕೋಚ್ ಜೊತೆ ನೀವೇ ಮಾತನಾಡಿ, ಇಷ್ಟು ಕೇಳುವ ಹಕ್ಕು ನಿಮಗಿದೆ.

ರೆಫರಿಯೊಡನೆ ನಾಯಕ ಮಾತ್ರ ಮಾತನಾಡಬೇಕು, ನಾಯಕತ್ವ ಸರದಿಯಂತೆ ಎಲ್ಲರಿಗೂ ಬರಬೇಕು. 2024ರ ಯೂರೋ ಕಪ್‌ನಲ್ಲಿ ದೊಡ್ಡ ಆಟಗಾರರಿಗೂ ಇದೇ ನಿಯಮವಿತ್ತು ಎಂದರೆ ಮಕ್ಕಳು ತಕ್ಷಣ ಒಪ್ಪುತ್ತಾರೆ. ರೆಫರಿಯ ತೀರ್ಪಿಗೆ ಮಾತಿನಲ್ಲಾಗಲಿ ಸನ್ನೆಯಲ್ಲಾಗಲಿ ತಕರಾರು ತೆಗೆದರೆ ಎಚ್ಚರಿಕೆಯ ಹಳದಿ ಕಾರ್ಡ್, ಅವಾಚ್ಯ ಮಾತಿಗೆ ಆಟದಿಂದ ಹೊರಹಾಕುವ ಕೆಂಪು ಕಾರ್ಡ್ ಎಂದು ನಿಯಮ ಪುಸ್ತಕವೇ ಹೇಳುತ್ತದೆ. ಚಿಕ್ಕವರ ಪಂದ್ಯದಲ್ಲಿ ಪಾಪ ಎಂದು ಬಿಟ್ಟುಬಿಡುತ್ತಾರೆ, ಹುಡುಗರು ಅದನ್ನೇ ಸಲಿಗೆ ಎಂದುಕೊಳ್ಳುತ್ತಾರೆ.

ನಮ್ಮ ಹಲಸೂರಿನ ಗೌತಮಪುರದಂಥ ಕಡೆ ಗಲ್ಲಿಯಲ್ಲಿ ಆಡುವ ಹುಡುಗರನ್ನು ಒಮ್ಮೆ ಅವನಿಗೆ ತೋರಿಸಿ. ಅಲ್ಲಿ ರೆಫರಿಯೇ ಇರುವುದಿಲ್ಲ. ಕಾಲು ತಾಗಿದವನು ತಾನೇ ಒಪ್ಪಿಕೊಂಡು ಚೆಂಡು ಬಿಟ್ಟುಕೊಡದಿದ್ದರೆ ಆಟ ಮುಂದಕ್ಕೇ ಹೋಗುವುದಿಲ್ಲ.

ಅಮೆರಿಕದಲ್ಲಿರುವ ಒಬ್ಬ ತಂದೆ

ಇಲ್ಲಿ ಕೆಲವು ಲೀಗ್‌ಗಳಲ್ಲಿ ‘ಮೌನ ಶನಿವಾರ’ ಎಂದು ಆಡಿಸುತ್ತಾರೆ. ಪೋಷಕರು ಚಪ್ಪಾಳೆ ತಟ್ಟಬಹುದು, ಬಾಯಿ ಬಿಡುವಂತಿಲ್ಲ. ಆ ದಿನ ನನಗೆ ಮೊದಲ ಬಾರಿಗೆ ಮಕ್ಕಳ ದನಿ ಕೇಳಿಸಿತು: ‘ನನಗೆ ಕೊಡು’, ‘ಹಿಂದೆ ಒಬ್ಬನಿದ್ದಾನೆ’, ‘ಪರವಾಗಿಲ್ಲ ಬಿಡು’. ಉಳಿದ ವಾರಗಳಲ್ಲಿ ನಮ್ಮ ಗದ್ದಲದಲ್ಲಿ ಇದೆಲ್ಲ ಮುಳುಗಿ ಹೋಗುತ್ತದೆ.

ನಮ್ಮ ಮಕ್ಕಳು ಆಡುವ ಎವೈಎಸ್‌ಒ ಎಂಬ ಇಲ್ಲಿನ ಮಕ್ಕಳ ಫುಟ್‌ಬಾಲ್ ಸಂಸ್ಥೆಯಲ್ಲಿ ಕ್ರೀಡಾ ಮನೋಭಾವ ಮೂಲ ತತ್ವಗಳಲ್ಲೇ ಒಂದು. ಪ್ರತಿ ಮಗುವೂ ಪ್ರತಿ ಪಂದ್ಯದ ಅರ್ಧದಷ್ಟಾದರೂ ಆಡಬೇಕು. ನಮ್ಮ ಕಡೆ ಪ್ರತಿ ಸೀಸನ್‌ಗೆ ತಂಡಗಳನ್ನು ಸಮಬಲವಾಗುವಂತೆ ಹೊಸದಾಗಿ ಕಟ್ಟುತ್ತಾರೆ. ಈ ವರ್ಷ ಅಣಕಿಸಿದ ಹುಡುಗನ ಪಕ್ಕದಲ್ಲೇ ಮುಂದಿನ ವರ್ಷ ಆಡಬೇಕಾಗಬಹುದು ಎಂದು ಗೊತ್ತಾದ ಮೇಲೆ ನನ್ನ ಮಗಳ ನಾಲಿಗೆ ತಾನಾಗಿಯೇ ಹದಕ್ಕೆ ಬಂತು.

ಇನ್ನೊಂದು: ಪಂದ್ಯ ಮುಗಿಸಿ ಮನೆಗೆ ಬರುವ ದಾರಿಯಲ್ಲಿ ಆಟದ ಮಾತೆತ್ತಬೇಡಿ. ಹಸಿವೆಯೇ ಎಂದು ಕೇಳಿ, ಸಾಕು. ಹೇಳುವುದಿದ್ದರೆ ಅವನೇ ಹೇಳುತ್ತಾನೆ.

ಶಾಲೆಯ ದೈಹಿಕ ಶಿಕ್ಷಕಿ, ಮೈಸೂರು

ಜಪಾನ್ ತಂಡದ ಕಥೆ ಹೇಳಿ. 2018ರ ವಿಶ್ವಕಪ್ ಗುಂಪಿನಲ್ಲಿ ಜಪಾನ್ ಮತ್ತು ಸೆನೆಗಲ್ ಅಂಕದಲ್ಲೂ ಗೋಲುಗಳಲ್ಲೂ ಸಮ, ಪರಸ್ಪರ ಆಡಿದ ಪಂದ್ಯವೂ 2–2. ಕೊನೆಗೆ ಹಳದಿ ಕಾರ್ಡ್ ಎಣಿಸಿದರು. ಜಪಾನ್‌ಗೆ 4, ಸೆನೆಗಲ್‌ಗೆ 6. ಜಪಾನ್ ಮುಂದಿನ ಸುತ್ತಿಗೆ ಹೋಯಿತು. ಅಲ್ಲಿ ಬೆಲ್ಜಿಯಂ ಎದುರು 2–0 ಮುಂದಿದ್ದು 3–2ರಲ್ಲಿ ಸೋತರೂ ಡ್ರೆಸ್ಸಿಂಗ್ ಕೊಠಡಿಯನ್ನು ಚೊಕ್ಕಟ ಮಾಡಿ, ರಷ್ಯನ್ ಭಾಷೆಯಲ್ಲಿ ಧನ್ಯವಾದ ಬರೆದಿಟ್ಟು ಹೋದರು. ಗುಂಪಿನ ಕೊನೆಯ ಪಂದ್ಯದಲ್ಲಿ, ಪೋಲೆಂಡ್ ಎದುರು ಸೋಲುತ್ತಿದ್ದರೂ, ಇನ್ನೊಂದು ಕಾರ್ಡ್ ಬೀಳದಿರಲೆಂದು ಹಿಂದೆಯೇ ಚೆಂಡು ದಾಟಿಸುತ್ತಾ ಹೊತ್ತು ಕಳೆದರು ಎಂಬ ಟೀಕೆಯೂ ಅವರ ಮೇಲಿದೆ. ಅದನ್ನೂ ಹೇಳಿ, ಸರಿಯೋ ತಪ್ಪೋ ಎಂದು ಅವನನ್ನೇ ಕೇಳಿ. ನನ್ನ ತರಗತಿಯಲ್ಲಿ ಈ ಚರ್ಚೆಗೆ ಒಂದು ಪಿರಿಯಡ್ ಸಾಲುವುದಿಲ್ಲ.

ಯುವ ರೆಫರಿಯೊಬ್ಬನ ತಾಯಿ

ನಿಮ್ಮ ಪ್ರಶ್ನೆಯಲ್ಲಿ ಮನೆಯವರ ಬಗ್ಗೆ ಒಂದು ಮಾತಿದೆ, ಅಲ್ಲಿಂದ ಶುರು ಮಾಡಿ. ನನ್ನ ಮಗ ಕಾಲೇಜಿನಲ್ಲಿ ಓದುತ್ತಾ ಭಾನುವಾರ ಚಿಕ್ಕವರ ಪಂದ್ಯಗಳಿಗೆ ಸೀಟಿ ಊದುತ್ತಾನೆ. ಮಕ್ಕಳು ಕೂಗಾಡಿದ್ದನ್ನು ಸಂಜೆಗೆ ಮರೆತಿರುತ್ತಾನೆ. ಗೆರೆಯ ಪಕ್ಕ ನಿಂತ ಅಪ್ಪಂದಿರು ‘ಕಣ್ಣು ಕಾಣುವುದಿಲ್ಲವೇನಯ್ಯಾ’ ಎಂದಿದ್ದನ್ನು ಮರೆಯುವುದಿಲ್ಲ, ಅಂದು ರಾತ್ರಿ ಊಟವೂ ಸರಿಯಾಗಿ ಸೇರುವುದಿಲ್ಲ. ಅನೇಕ ಮಕ್ಕಳ ಪಂದ್ಯಗಳಲ್ಲಿ ಲೈನ್ಸ್‌ಮನ್ ಇರುವುದಿಲ್ಲ, ಎಲ್ಲವನ್ನೂ ಅವನೊಬ್ಬನೇ ಓಡಾಡಿ ನೋಡಬೇಕು. ಅವನಿಗೂ ಹತ್ತೊಂಬತ್ತೇ ವರ್ಷ, ಅವನೂ ಕಲಿಯುತ್ತಿದ್ದಾನೆ.

ಮುಂದಿನ ಪಂದ್ಯ ಮುಗಿದಾಗ, ಗೆದ್ದಿರಲಿ ಸೋತಿರಲಿ, ನಿಮ್ಮ ಮನೆಯವರೇ ಮಗನನ್ನು ಕರೆದುಕೊಂಡು ರೆಫರಿಯ ಬಳಿ ಹೋಗಿ ಮೊದಲು ತಾವು ಕೈ ಚಾಚಲಿ. ಹೇಗಾಯಿತೆಂದು ಇಲ್ಲಿ ಬರೆಯಿರಿ.